ಡ್ರೋನ್ ಹಾರುವ ಕಾಲದಲ್ಲಿ ಲೆಫ್ಟ್-ರೈಟ್ ಯಾಕೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕವಾಯತಿನ ಬಗ್ಗೆಯೇ ಇವೆ. ಸೈನ್ಯ ಸೇರಲು ತಯಾರಿ ನಡೆಸಿರುವವರು, ಎನ್‌ಸಿಸಿ ಕೆಡೆಟ್‌ಗಳು, ಪಿ.ಇ. ಮೇಷ್ಟ್ರುಗಳು, ಒಂದಿಬ್ಬರು ತಾಯಂದಿರು ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಈಗಿನ ಯುದ್ಧ ಡ್ರೋನು, ಕ್ಷಿಪಣಿಗಳದ್ದು. ಆದರೂ ಸೇನೆಗೆ ಸೇರಿದ ಹುಡುಗನಿಗೆ ಮೊದಲು ಕಲಿಸುವುದು ಸಾವಧಾನ್-ವಿಶ್ರಾಮ್. ಇದು ಬ್ರಿಟಿಷರು ಬಿಟ್ಟುಹೋದ ಚಾಳಿಯಲ್ಲದೆ ಮತ್ತೇನು?
— ಉಪನ್ಯಾಸಕರು, ಧಾರವಾಡ

ಉತ್ತರ: ಚಾಳಿ ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ. ಆದರೆ ಕವಾಯತು ಹುಟ್ಟಿದ್ದು ಮೆರವಣಿಗೆಗಲ್ಲ, ಗುಂಡು ಹಾರಿಸುವುದಕ್ಕೆ. 1590ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ರಾಜಕುಮಾರ ಮೌರಿಸ್‌ನ ಸೇನೆಯಲ್ಲಿ ಮಸ್ಕೆಟ್ ಎಂಬ ಉದ್ದ ಕೋವಿ ತುಂಬಿ ಹೊಡೆಯುವ ಕೆಲಸವನ್ನು 40ಕ್ಕೂ ಹೆಚ್ಚು ಚಲನೆಗಳಾಗಿ ಒಡೆದು, ಒಂದೊಂದಕ್ಕೂ ಒಂದು ಹುಕುಂ ಇಟ್ಟು ಕಲಿಸಿದರು. ಆಗಿನ ಕೋವಿಗೆ ಕಿಡಿ ಕೊಡುತ್ತಿದ್ದುದು ಉರಿಯುವ ಬತ್ತಿ. ಪಕ್ಕದವನು ಬತ್ತಿ ಊದುವ ಹೊತ್ತಿಗೆ ನೀವು ಮದ್ದು ಸುರಿಯುತ್ತಿದ್ದರೆ ಇಬ್ಬರೂ ಸುಟ್ಟುಕೊಳ್ಳುತ್ತೀರಿ. ಅದಕ್ಕೇ ಎಲ್ಲರೂ ಒಂದೇ ಸಮಯಕ್ಕೆ ಒಂದೇ ಕೆಲಸ ಮಾಡಬೇಕಿತ್ತು. ಮುಂದಿನ ಸಾಲು ಹೊಡೆದು ಹಿಂದಕ್ಕೆ ಸರಿದು ಮತ್ತೆ ತುಂಬಿಕೊಳ್ಳುವಾಗ ಎರಡನೇ ಸಾಲು ಹೊಡೆಯುತ್ತಿತ್ತು. ಹೆಜ್ಜೆ ತಪ್ಪಿದರೆ ಈ ಸರದಿಯೇ ಮುರಿದುಬೀಳುತ್ತಿತ್ತು. ನಮ್ಮಲ್ಲೂ ಟಿಪ್ಪು ಸುಲ್ತಾನ್ ತನ್ನ ಸೇನೆಯ ಕವಾಯತಿಗಾಗಿ ಪರ್ಷಿಯನ್ ಭಾಷೆಯಲ್ಲಿ ಕೈಪಿಡಿ ಬರೆಸಿದ್ದ. ಹಾಗಾಗಿ ಪೂರ್ತಿ ಬ್ರಿಟಿಷರ ತಲೆಗೇ ಕಟ್ಟುವುದು ಬೇಡ.

ಆ ಕಾರಣ ಎಂದೋ ಸತ್ತುಹೋಯಿತು. ದೂರಕ್ಕೆ ಗುರಿಯಿಟ್ಟು ಹೊಡೆಯುವ ರೈಫಲ್, ಆಮೇಲೆ ಮೆಷಿನ್‌ಗನ್ ಬಂದ ಮೇಲೆ ಸಾಲುಗಟ್ಟಿ ನಡೆಯುವುದೆಂದರೆ ಸಾಲಾಗಿ ಸಾಯುವುದು. ಅದಕ್ಕೂ ಮೊದಲೇ, 1806ರಲ್ಲಿ, ಯುರೋಪಿನಲ್ಲೇ ಕವಾಯತಿಗೆ ಹೆಸರಾಗಿದ್ದ ಪ್ರಷ್ಯಾದ ಸೇನೆ ಯೇನಾದಲ್ಲಿ ನೆಪೋಲಿಯನ್ ಎದುರು ನುಚ್ಚುನೂರಾಗಿತ್ತು. ಚಂದದ ಪರೇಡ್‌ಗೂ ಗೆಲುವಿಗೂ ನೇರ ಸಂಬಂಧ ಇಲ್ಲವೆಂಬುದು ಹೊಸ ಮಾತೇನಲ್ಲ.

ಹಾಗಾದರೆ ಈಗ ಉಳಿದಿರುವ ಉಪಯೋಗ ಏನು? ಹುಕುಂ ಕಿವಿಗೆ ಬೀಳುವುದಕ್ಕೂ ಮೈ ಅಲ್ಲಾಡುವುದಕ್ಕೂ ನಡುವಿನ ಗೊಂದಲವನ್ನು ಕಳೆಯುವುದು. ಇದು ಎಲ್ಲಿ ಕೆಲಸಕ್ಕೆ ಬರುತ್ತದೆಂದು ನೋಡಬೇಕಾದರೆ ಎಂಜಿನಿಯರ್ ದಳಗಳ ಬೈಲಿ ಸೇತುವೆ (ಉಕ್ಕಿನ ಚೌಕಟ್ಟುಗಳನ್ನು ಜೋಡಿಸಿ ಬೇಗ ಕಟ್ಟುವ ಸೇತುವೆ) ಕಟ್ಟುವ ಅಭ್ಯಾಸ ನೋಡಬೇಕು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರದ್ದು ಇಂಥದೇ ಕೆಲಸ. ಬೈಲಿಯ ಒಂದು ಪ್ಯಾನೆಲ್ 10 ಅಡಿ ಉದ್ದ, 5 ಅಡಿ ಎತ್ತರ, ತೂಕ ಸುಮಾರು 260 ಕಿಲೋ. ಅಡಿಯಲ್ಲಿ ಕ್ಯಾರಿಯಿಂಗ್ ಬಾರ್ ತೂರಿಸಿ ಆರು ಜನ ಎತ್ತುತ್ತಾರೆ, ಒಬ್ಬೊಬ್ಬರ ಪಾಲಿಗೆ ಸುಮಾರು 43 ಕಿಲೋ. ಇಬ್ಬರು ಅರ್ಧ ಸೆಕೆಂಡು ತಡಮಾಡಿದರೆ ಉಳಿದ ನಾಲ್ವರ ಮೇಲೆ ಒಬ್ಬೊಬ್ಬರಿಗೆ 65 ಕಿಲೋ ಬೀಳುತ್ತದೆ, ಅದೂ ಸೊಂಟ ಬಗ್ಗಿರುವಾಗ. ಪ್ಯಾನೆಲ್ ವಾಲಿದರೆ ಬೆರಳು ಹೋಗುತ್ತದೆ, ಕಾಲ ಮೇಲೆ ಬಿದ್ದರೆ ಪಾದ. ಎತ್ತುವುದು, ನಡೆಯುವುದು, ಇಳಿಸುವುದು ಎಲ್ಲವೂ ಒಬ್ಬನ ಬಾಯಿಮಾತಿನ ಮೇಲೆ ನಡೆಯಬೇಕು, ಉಳಿದವರು ಬಾಯಿ ಮುಚ್ಚಿರಬೇಕು. 81 ಮಿ.ಮೀ. ಮಾರ್ಟರ್, ಫಿರಂಗಿ ತಂಡಗಳಲ್ಲೂ ಅಷ್ಟೇ. ಪ್ರತಿಯೊಬ್ಬನಿಗೂ ನಂಬರು, ನಂಬರಿಗೊಂದು ಕೆಲಸ, ಕೆಲಸಕ್ಕೊಂದು ಸಮಯ. ಪರೇಡ್ ಮೈದಾನ ಇದರ ಮೊದಲ ಪಾಠ. ಅಲ್ಲಿ ತಪ್ಪಿದರೆ ಬೈಗುಳವಷ್ಟೇ, ಆಸ್ಪತ್ರೆಯಿಲ್ಲ.

ಇನ್ನೊಂದು ಲಾಭವೂ ಇದೆ, ಅದಕ್ಕೆ ಎರಡೂ ಕಡೆ ಅಂಚಿದೆ. ಜೊತೆಯಾಗಿ ಹೆಜ್ಜೆ ಹಾಕಿದವರು ಆಮೇಲೆ ಒಬ್ಬರಿಗೊಬ್ಬರು ಹೆಚ್ಚು ಸಹಕರಿಸುತ್ತಾರೆಂದು 2009ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರ ಪ್ರಯೋಗಗಳು ತೋರಿಸಿದವು. 2014ರಲ್ಲಿ ಕ್ಯಾಲಿಫೋರ್ನಿಯಾದ ಇನ್ನಿಬ್ಬರ ಪ್ರಯೋಗದಲ್ಲಿ, ಜೊತೆ ಹೆಜ್ಜೆ ಹಾಕಿ ನಡೆದ ಗಂಡಸರಿಗೆ ಎದುರಾಳಿ ಇದ್ದುದಕ್ಕಿಂತ ಗಿಡ್ಡವಾಗಿ, ಬಲಹೀನನಾಗಿ ಕಂಡ. ಧೈರ್ಯಕ್ಕೆ ಒಳ್ಳೆಯದು, ಅಂದಾಜಿಗೆ ಕೆಟ್ಟದ್ದು.

ಪರೇಡ್ ಕಲಿಸುವ ಒಂದು ಚಟವನ್ನಂತೂ ಮೈದಾನದಾಚೆ ಕಿತ್ತುಹಾಕಲೇಬೇಕು. ಅದು ಗುಂಪಾಗಿ ನಿಲ್ಲುವುದು. ಗಸ್ತು ಹೋಗುವ ಸೆಕ್ಷನ್ನಿನಲ್ಲಿ (ಸೈನಿಕರ ಸಣ್ಣ ತಂಡ) ಬಯಲಾದರೆ ಒಬ್ಬೊಬ್ಬರ ನಡುವೆ ಐದರಿಂದ ಹತ್ತು ಮೀಟರ್ ಬಿಡಬೇಕು. ಹೊಸಬರು ಹೆದರಿದಾಗ ತಿಳಿಯದೆಯೇ ಪಕ್ಕದವನ ಹತ್ತಿರ ಸರಿಯುತ್ತಾರೆ. ಮೇಲಿಂದ ಡ್ರೋನ್ ನೋಡುತ್ತಿರುವ ಕಾಲದಲ್ಲಿ ಅದಕ್ಕಿಂತ ದುಬಾರಿ ತಪ್ಪು ಬೇರೆ ಇಲ್ಲ.

ಪ್ರಶ್ನೆ: ಪರೇಡಿನಲ್ಲಿ ‘ಜಾಂಚ್ ಶಸ್ತ್ರ್’ (ಬಂದೂಕು ಖಾಲಿಯಿದೆಯೇ ಎಂದು ನೋಡುವ ಹುಕುಂ) ಅಂದಾಗ ಕಣ್ಣುಮುಚ್ಚಿ ಮಾಡುವಷ್ಟು ಅಭ್ಯಾಸ ಮಾಡಿಸುತ್ತಾರೆ. ರೈಫಲ್ ಖಾಲಿ ಎಂದು ಗೊತ್ತಿದ್ದೂ ಯಾಕೆ ಇಷ್ಟು ಸಲ?
— ಎನ್‌ಸಿಸಿ ಕೆಡೆಟ್, ಹಾಸನ

ಉತ್ತರ: ‘ಖಾಲಿ ಎಂದು ಗೊತ್ತಿದ್ದೂ’ ಎಂಬ ಆ ಮಾತೇ ಕಾರಣ. ಕೈತಪ್ಪಿ ಹಾರುವ ಗುಂಡುಗಳಲ್ಲಿ ಬಹುಪಾಲು ಹಾರುವುದು ಖಾಲಿಯೆಂದು ತಿಳಿದ ಬಂದೂಕಿನಿಂದಲೇ.

ಬಿಚ್ಚಿ ತೆಗೆಯುವ ಮ್ಯಾಗಜೀನ್ (ಗುಂಡು ತುಂಬಿಡುವ ಪೆಟ್ಟಿಗೆ) ಇರುವ ರೈಫಲ್‌ಗಳಿಗೆ ಕ್ರಮ ಹೆಚ್ಚುಕಡಿಮೆ ಒಂದೇ. ನಳಿಗೆ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರ್‌ನಿಂದ ಹೊರಗೆ. ಮೊದಲು ಮ್ಯಾಗಜೀನ್ ತೆಗೆಯಬೇಕು. ಆಮೇಲೆ ಕಾಕಿಂಗ್ ಹ್ಯಾಂಡಲ್ ಪೂರ್ತಿ ಹಿಂದಕ್ಕೆಳೆದು ಚೇಂಬರ್ (ಹಾರುವ ಮುನ್ನ ಗುಂಡು ಕೂರುವ ಗೂಡು) ಒಳಗೆ ಕಣ್ಣಿಟ್ಟು ನೋಡಬೇಕು, ಕತ್ತಲಾಗಿದ್ದರೆ ಕಿರುಬೆರಳು ಹಾಕಿ ಮುಟ್ಟಬೇಕು. ನಂತರ ಚೇಂಬರ್ ಮುಚ್ಚುವ ಬೋಲ್ಟ್ ಮುಂದಕ್ಕೆ ಬಿಟ್ಟು, ಸುರಕ್ಷಿತ ದಿಕ್ಕಿಗೇ ಹಿಡಿದು ಟ್ರಿಗರ್ ಒತ್ತಿ, ಸೇಫ್ಟಿ ಹಾಕಬೇಕು.

ಮೊದಲ ಎರಡು ಹೆಜ್ಜೆ ಅದಲುಬದಲಾದರೆ ಏನಾಗುತ್ತದೆ ನೋಡಿ. ಮ್ಯಾಗಜೀನ್ ಒಳಗಿರುವಾಗಲೇ ಕಾಕ್ ಮಾಡಿದರೆ ಚೇಂಬರ್‌ನಲ್ಲಿದ್ದ ಗುಂಡು ಹೊರಗೆ ಹಾರುತ್ತದೆ. ಅದು ನೆಲಕ್ಕೆ ಬಿದ್ದದ್ದು ಕಣ್ಣಿಗೆ ಕಾಣುವುದರಿಂದ ಮನಸ್ಸು ನಿರಾಳ. ಬೋಲ್ಟ್ ಮುಂದೆ ಹೋಗುವಾಗ ಮ್ಯಾಗಜೀನ್‌ನಿಂದ ಇನ್ನೊಂದು ಗುಂಡು ಚೇಂಬರ್‌ಗೆ ಸೇರಿರುತ್ತದೆ. ಈಗ ಮ್ಯಾಗಜೀನ್ ತೆಗೆದು ಪಕ್ಕಕ್ಕಿಡುತ್ತಾನೆ, ರೈಫಲ್ ಹಗುರ, ಮ್ಯಾಗಜೀನ್ ಇಲ್ಲ, ಎಲ್ಲ ಲಕ್ಷಣವೂ ಖಾಲಿಯದ್ದೇ. ಟ್ರಿಗರ್ ಒತ್ತುತ್ತಾನೆ.

ಹತ್ತೊಂಬತ್ತು ತಾಸು ನಿದ್ದೆಯಿಲ್ಲದೆ ಗಸ್ತು ಮುಗಿಸಿ ಬಂದವನ ತಲೆ ಈ ಕ್ರಮವನ್ನು ಯೋಚಿಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ, ಕೈ ಮಾಡಬೇಕು. ಕವಾಯತಿನ ಒಟ್ಟು ಗಂಟೆಗಳಲ್ಲಿ ಅತ್ಯಂತ ಬೆಲೆಬಾಳುವವು ಯಾವುವೆಂದು ಕೇಳಿದರೆ ನಮ್ಮ ಉತ್ತರ ಇವೇ. ಬಂದೂಕು ಹಿಡಿದು ವಂದಿಸುವ ‘ಸಲಾಮಿ ಶಸ್ತ್ರ್’ ಚಂದ ಕಾಣುತ್ತದೆ, ‘ಜಾಂಚ್ ಶಸ್ತ್ರ್’ ಜೀವ ಉಳಿಸುತ್ತದೆ. ಆದರೆ ಒಂದು ಅಪಾಯ ಇದೆ. ವರ್ಷಗಟ್ಟಲೆ ಖಾಲಿ ಬಂದೂಕಿನಲ್ಲೇ ಮಾಡಿದವನು ಚೇಂಬರ್ ಕಡೆ ಮುಖ ತಿರುಗಿಸುತ್ತಾನೆ, ನೋಡುವುದಿಲ್ಲ. ಒಳ್ಳೆಯ ಉಸ್ತಾದ್ ಆಗೀಗ ಮದ್ದಿಲ್ಲದ ಡ್ರಿಲ್ ಗುಂಡೊಂದನ್ನು ಒಳಗಿಟ್ಟು, ಯಾರ ಕಣ್ಣಿಗೆ ಬೀಳುತ್ತದೆಂದು ಪರೀಕ್ಷಿಸುತ್ತಾನೆ.

ಪ್ರಶ್ನೆ: ಮಾರ್ಚ್ ಮಾಡುವಾಗ ನನ್ನ ಎಡಗೈ, ಎಡಗಾಲು ಒಟ್ಟಿಗೇ ಮುಂದೆ ಹೋಗುತ್ತವೆ. ಎಲ್ಲರೂ ನಗುತ್ತಾರೆ. ಸರಿಮಾಡುವುದು ಹೇಗೆ?
— ಪಿಯು ವಿದ್ಯಾರ್ಥಿನಿ, ಶಿರಸಿ

ಉತ್ತರ: ಪ್ರತಿ ಹೊಸ ತಂಡದಲ್ಲೂ ಒಬ್ಬಿಬ್ಬರಿಗೆ ಇದು ಇದ್ದದ್ದೇ. ಅಂಗಡಿಗೆ ಹೋಗುವಾಗ ನಿಮ್ಮ ಕೈಕಾಲು ಸರಿಯಾಗಿಯೇ ಆಡುತ್ತವೆ. ‘ತೇಜ್ ಚಲ್’ (ಕ್ವಿಕ್ ಮಾರ್ಚ್) ಅಂದ ಕೂಡಲೇ ಕೈಯನ್ನು ಬೇಕೆಂದು ಎತ್ತಲು ಹೋಗುತ್ತೀರಿ, ಗಮನವೆಲ್ಲ ಎಡಕ್ಕೇ ಇರುವುದರಿಂದ ಎಡಗೈಯೂ ಎದ್ದುಬಿಡುತ್ತದೆ. ಮೈ ಬಿಗಿಹಿಡಿದಷ್ಟೂ ಜಾಸ್ತಿ.

ಕೈ ಎರಡೂ ತೊಡೆಗೆ ಅಂಟಿಸಿ ಬರೀ ಕಾಲಿನ ‘ಕದಮ್ ತಾಲ್’ (ನಿಂತಲ್ಲೇ ಹೆಜ್ಜೆ ಹಾಕುವುದು) ಎರಡು ನಿಮಿಷ ಮಾಡಿ. ನಂತರ ಕೈ ಸಡಿಲ ಬಿಟ್ಟು, ಎತ್ತದೆ, ಮಾಮೂಲಿ ನಡಿಗೆಯಲ್ಲಿ ಇಪ್ಪತ್ತು ಹೆಜ್ಜೆ ನಡೆಯಿರಿ. ಹಾಗೇ ನಡೆಯುತ್ತಾ ಕೈಬೀಸನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಭುಜದ ಎತ್ತರಕ್ಕೆ ತನ್ನಿ. ಎಡಗಾಲು ನೆಲಕ್ಕೆ ಬೀಳುವಾಗ ಬಾಯಲ್ಲಿ ‘ಬಲಗೈ’ ಎಂದು ಹೇಳಿಕೊಳ್ಳಿ, ‘ಎಡ’ ಅನ್ನಬೇಡಿ. ನಿಂತಲ್ಲಿಂದ ಹೊರಡುವಾಗಲೇ ತಪ್ಪುತ್ತಿದ್ದರೆ ಆ ಒಂದು ಹೆಜ್ಜೆಯನ್ನಷ್ಟೇ ಅಭ್ಯಾಸ ಮಾಡಿ: ಎಡಗಾಲು ಮುಂದೆ, ಬಲಗೈ ಮುಂದೆ, ನಿಲ್ಲಿ, ವಾಪಸ್. ಮೊದಲ ಹೆಜ್ಜೆ ಸರಿಬಿದ್ದರೆ ಉಳಿದವು ತಾವಾಗಿಯೇ ಬರುತ್ತವೆ.

ಪ್ರಶ್ನೆ: ಸ್ವಾತಂತ್ರ್ಯ ದಿನದ ಪರೇಡಿನಲ್ಲಿ ನಿಂತಿದ್ದ ಮಗ ಕಟ್ಟಿಗೆಯಂತೆ ಮುಂದಕ್ಕೆ ಬಿದ್ದು ಗದ್ದ ಒಡೆದುಕೊಂಡ. ‘ಬೆಳಗ್ಗೆ ತಿಂಡಿ ತಿಂದಿಲ್ಲ’ ಅಂದರು. ಅಷ್ಟೇನಾ?
— ತಾಯಿ, ಬೆಂಗಳೂರು

ಉತ್ತರ: ತಿಂಡಿ ಒಂದು ಭಾಗ. ಮುಖ್ಯ ಕಾರಣ ಅಲ್ಲಾಡದೆ ನಿಲ್ಲುವುದು. ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಕಿಬ್ಬೊಟ್ಟೆಯ ಕಡೆ ಇಳಿಯುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಅದನ್ನು ಹಿಂಡಿ ಮೇಲಕ್ಕೆ ಕಳಿಸುತ್ತಿರುತ್ತವೆ. ಸಾವಧಾನ್‌ನಲ್ಲಿ ಮಂಡಿ ಬಿಗಿದು ನಿಂತರೆ ಆ ಹಿಂಡುವಿಕೆಯೇ ಇಲ್ಲ. ಬಿಸಿಲಿಗೆ ಚರ್ಮದ ರಕ್ತನಾಳಗಳು ಹಿಗ್ಗಿ, ಬೆವರಿ ನೀರು ಕಡಿಮೆಯಾದರೆ ಮಿದುಳಿಗೆ ಹೋಗುವ ರಕ್ತ ಸಾಲದೆ ಹುಡುಗ ಬೀಳುತ್ತಾನೆ. ಪ್ರಜ್ಞೆ ತಪ್ಪಿದ ಮೇಲೆ ಬೀಳುವುದರಿಂದ ಕೈ ಊರುವುದಿಲ್ಲ. ಅದಕ್ಕೇ ಗದ್ದ, ಹಲ್ಲು, ಮೂಗಿಗೇ ಪೆಟ್ಟು.

ಮಗನಿಗೆ ಹೇಳಿಕೊಡಿ: ಮಂಡಿ ನೇರ ಇರಲಿ, ಹಿಂದಕ್ಕೆ ಬಿಗಿಯುವುದು ಬೇಡ. ಭಾರ ಹಿಮ್ಮಡಿಗಿಂತ ಪಾದದ ಮುಂಭಾಗದ ಮೇಲೆ ಇರಲಿ. ಬೂಟಿನೊಳಗೆ ಬೆರಳುಗಳನ್ನು ಮಡಚಿ ಬಿಡುತ್ತಿರಲಿ, ಮೀನಖಂಡ ಮತ್ತು ತೊಡೆಯನ್ನು ಐದೈದು ಸೆಕೆಂಡು ಬಿಗಿದು ಸಡಿಲಿಸುತ್ತಿರಲಿ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಹಿಂದಿನ ರಾತ್ರಿಯಿಂದಲೇ ನೀರು ಕುಡಿಯಬೇಕು. ಪರೇಡಿಗೆ ಹತ್ತು ನಿಮಿಷ ಮುಂಚೆ ಲೀಟರುಗಟ್ಟಲೆ ಸುರಿದುಕೊಂಡರೆ ಮೂತ್ರದ ಅವಸರ ಬಿಟ್ಟು ಬೇರೇನೂ ಲಾಭ ಇಲ್ಲ.

ಬೀಳುವ ಮೊದಲು ಸೂಚನೆ ಸಿಗುತ್ತದೆ. ಪದೇಪದೇ ಆಕಳಿಕೆ, ತಣ್ಣನೆ ಬೆವರು, ಕಿವಿಯಲ್ಲಿ ಗುಂಯ್‌ಗುಡುವುದು, ಕಣ್ಣಂಚಿನಲ್ಲಿ ಕತ್ತಲು. ಆಗ ಬೈಗುಳಕ್ಕೆ ಹೆದರದೆ ಒಂದು ಮಂಡಿಯೂರಿ ಕುಳಿತುಬಿಡಬೇಕು. ಇದಕ್ಕೆ ಅನುಮತಿ ಇದೆಯೆಂದು ಮಕ್ಕಳಿಗೆ ಮೊದಲೇ ಹೇಳದ ಮೇಷ್ಟ್ರು ಗದ್ದ ಒಡೆದಾಗ ತಿಂಡಿಯ ಮೇಲೆ ಗೂಬೆ ಕೂರಿಸುವುದು ಸರಿಯಲ್ಲ.

ಬಿದ್ದವನನ್ನು ಎತ್ತಿ ನಿಲ್ಲಿಸಬೇಡಿ. ನೆರಳಲ್ಲಿ ಅಂಗಾತ ಮಲಗಿಸಿ, ಕಾಲು ಒಂದಡಿ ಎತ್ತರಿಸಿ, ಬೆಲ್ಟು, ಕಾಲರ್ ಸಡಿಲಿಸಿ. ಪೂರ್ತಿ ಎಚ್ಚರ ಆಗುವ ತನಕ ಬಾಯಿಗೆ ನೀರು ಹಾಕಬೇಡಿ. ಒಂದೆರಡು ನಿಮಿಷದಲ್ಲಿ ಸರಿಹೋಗಬೇಕು. ಮೈ ಕೆಂಡದಂತಿದ್ದು ಮಾತು ತೊದಲುತ್ತಿದ್ದರೆ ಅದು ಬಿಸಿಲಾಘಾತ. ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ನಮ್ಮ ಶಾಲೆಯ ತಂಡ ನಿಂತಲ್ಲಿ ಚೆನ್ನಾಗಿ ಮಾಡುತ್ತದೆ. ಆದರೆ ತಾಲ್ಲೂಕು ಮೈದಾನದ ಪಥಸಂಚಲನದಲ್ಲಿ ಹಿಂದಿನ ಸಾಲುಗಳ ಹೆಜ್ಜೆ ತಪ್ಪುತ್ತದೆ. ನನ್ನ ಕೂಗು ಸಾಲದೇ?
— ದೈಹಿಕ ಶಿಕ್ಷಕರು, ಕಾರ್ಕಳ

ಉತ್ತರ: ಕೂಗು ಸಾಕು, ಶಬ್ದಕ್ಕೇ ಸಮಯ ಬೇಕು. ‘ತೇಜ್ ಚಲ್’ನಲ್ಲಿ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಇಂಚು. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು ಐದೂವರೆ ಕಿಲೋಮೀಟರ್, ಒಂದು ಹೆಜ್ಜೆಗೆ ಅರ್ಧ ಸೆಕೆಂಡು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮುಂದೆ ಡ್ರಮ್ ಬಾರಿಸುವವನಿಂದ 85 ಮೀಟರ್ ಹಿಂದಿರುವ ಹುಡುಗನಿಗೆ ಪೆಟ್ಟು ಕಾಲು ಸೆಕೆಂಡು, ಅಂದರೆ ಅರ್ಧ ಹೆಜ್ಜೆ ತಡವಾಗಿ ಕೇಳುತ್ತದೆ. 170 ಮೀಟರಿಗೆ ಪೂರ್ತಿ ಒಂದು ಹೆಜ್ಜೆ: ಮುಂದಿನವರ ಎಡಗಾಲು, ಹಿಂದಿನವರ ಬಲಗಾಲು. ಅವರು ಕೇಳಿದ್ದಕ್ಕೆ ಸರಿಯಾಗಿಯೇ ಹಾಕುತ್ತಿರುತ್ತಾರೆ, ಪಾಪ.

ಬ್ಯಾಂಡ್ ಅಥವಾ ಡ್ರಮ್ ಅನ್ನು ಸಾಲಿನ ನಡುವೆ ನಿಲ್ಲಿಸಿ, ತಡ ಅರ್ಧಕ್ಕೆ ಇಳಿಯುತ್ತದೆ. ಹಿಂದಿನವರಿಗೆ ಕಿವಿ ಬಿಟ್ಟು ಕಣ್ಣು ನಂಬುವುದನ್ನು ಕಲಿಸಿ: ಮುಂದಿನವನ ಭುಜ ನೋಡಿ ಹೆಜ್ಜೆ ಹಾಕಲಿ. ಧ್ವನಿವರ್ಧಕಗಳನ್ನು ಮೈದಾನದ ಎರಡು ತುದಿಗೆ ಕಟ್ಟಿದ್ದರೆ ಒಂದನ್ನು ಆರಿಸಿ, ಎರಡೂ ಸೇರಿ ಪ್ರತಿ ಪೆಟ್ಟನ್ನೂ ಜೋಡಿ ಮಾಡುತ್ತವೆ.

ಹುಕುಮಿನ ಬಗ್ಗೆಯೂ ಒಂದು ಮಾತು. ಮೊದಲ ಪದ ಎಚ್ಚರಿಕೆಗೆ, ಅದನ್ನು ಎಳೆಯಿರಿ: ‘ದಾಹಿನೇ…’. ಎರಡನೆಯದು ಕೆಲಸಕ್ಕೆ, ಅದು ಕಡಿದಂತಿರಲಿ: ‘ಮುಡ್!’ (ಬಲಕ್ಕೆ ತಿರುಗು). ನಡುವಿನ ಬಿಡುವು ಪ್ರತಿ ಸಲವೂ ಅಷ್ಟೇ ಇರಬೇಕು. ಒಮ್ಮೆ ಒಂದು ಸೆಕೆಂಡು, ಇನ್ನೊಮ್ಮೆ ಮೂರು ಆದರೆ ಮಕ್ಕಳು ಊಹಿಸತೊಡಗುತ್ತಾರೆ, ಅರ್ಧ ತಂಡ ಮೊದಲೇ ತಿರುಗುತ್ತದೆ. ನಡೆಯುವಾಗ ನಿಲ್ಲಿಸುವ ಹುಕುಂ ‘ಥಮ್’ ಎಡಗಾಲು ನೆಲಕ್ಕೆ ತಾಗುವ ಕ್ಷಣಕ್ಕೆ ಬೀಳಲಿ, ಬಲಗಾಲಿನ ಪೂರ್ಣ ಹೆಜ್ಜೆ ‘ಖಾಲಿ’, ಆಮೇಲೆ ‘ಏಕ್, ದೋ’. ತಪ್ಪು ಕಾಲಿಗೆ ಕೊಟ್ಟ ಹುಕುಮಿಗೆ ತಂಡ ಎಡವಿದರೆ ಮಕ್ಕಳನ್ನು ಬೈಯುವಂತಿಲ್ಲ.

ಪ್ರಶ್ನೆ: ಕಾಲು ಜೋರಾಗಿ ಅಪ್ಪಳಿಸಿದಷ್ಟೂ ಪರೇಡ್ ಚೆನ್ನ ಅನ್ನುತ್ತಾರೆ. ಮೂರು ವಾರದಿಂದ ಮೊಣಕಾಲ ಕೆಳಗೆ ನೋವು.
— ಸೇನಾ ಭರ್ತಿಗೆ ತಯಾರಿ ನಡೆಸಿರುವ ಯುವಕ, ವಿಜಯಪುರ

ಉತ್ತರ: ಮೊದಲು ಡಾಕ್ಟರ ಬಳಿ ಹೋಗಿ, ಅಪ್ಪಳಿಸುವುದನ್ನು ಇವತ್ತೇ ನಿಲ್ಲಿಸಿ. 1855ರಲ್ಲೇ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹೌಪ್ಟ್ ಹೊಸ ಸೈನಿಕರ ಪಾದ ಊದಿಕೊಳ್ಳುವುದನ್ನು ದಾಖಲಿಸಿದ್ದ. ಅದು ಮೂಳೆಯ ಸಣ್ಣ ಬಿರುಕು, ಮಾರ್ಚ್ ಫ್ರ್ಯಾಕ್ಚರ್. ಹೊಸ ಭಾರ ಬಿದ್ದಾಗ ಮೂಳೆ ತನ್ನ ಹಳೆಯ ಭಾಗವನ್ನು ಮೊದಲು ಕರಗಿಸುತ್ತದೆ, ಹೊಸದನ್ನು ಆಮೇಲೆ ಕಟ್ಟುತ್ತದೆ. ಆದ್ದರಿಂದ ಮೂರ್ನಾಲ್ಕನೇ ವಾರದ ಹೊತ್ತಿಗೆ ಅದು ಅತಿ ದುರ್ಬಲ. ಉತ್ಸಾಹವೂ ಆಗಲೇ ಹೆಚ್ಚಿರುತ್ತದೆ.

ಒಂದು ಬೆರಳಿನಿಂದ ಮೂಳೆಯ ಉದ್ದಕ್ಕೂ ಒತ್ತಿ ನೋಡಿ. ಒಂದೇ ಜಾಗದಲ್ಲಿ ಚುಚ್ಚಿದಂತಾದರೆ, ಓಡಿದಷ್ಟೂ ನೋವು ಏರಿದರೆ ಬಿರುಕಿನ ಅನುಮಾನ. ಉದ್ದಕ್ಕೂ ಹರಡಿದ ನೋವಾದರೆ ಸಾಮಾನ್ಯವಾಗಿ ಸ್ನಾಯು, ಪೊರೆಯ ಉರಿಯೂತ. ಮೊದಲ ಎರಡು-ಮೂರು ವಾರ ಎಕ್ಸ್‌ರೇನಲ್ಲಿ ಬಿರುಕು ಕಾಣದೇ ಇರಬಹುದು, ‘ಎಕ್ಸ್‌ರೇ ನಾರ್ಮಲ್’ ಎಂದು ಮತ್ತೆ ಓಡಲು ಹೊರಡಬೇಡಿ. ಹಗುರ ಬಿರುಕಿಗೂ ಆರೆಂಟು ವಾರ ವಿಶ್ರಾಂತಿ ಬೇಕು.

ಕಾಲಿನ ಶಬ್ದ ಹೆಜ್ಜೆ ಕೂಡಿದಾಗ ತಾನೇ ಬರುತ್ತದೆ. ಮೂವತ್ತು ಜನ ಒಂದೇ ಕ್ಷಣಕ್ಕೆ ಮೆಲ್ಲಗೆ ಇಟ್ಟರೂ ಒಂದೇ ಪೆಟ್ಟು ಕೇಳುತ್ತದೆ. ಒಬ್ಬೊಬ್ಬರೂ ಜೋರಾಗಿ ಬೇರೆಬೇರೆ ಕ್ಷಣಕ್ಕೆ ಅಪ್ಪಳಿಸಿದರೆ ಗದ್ದಲ. ಕಾಂಕ್ರೀಟ್ ಬಿಟ್ಟು ಮಣ್ಣಿನ ಮೈದಾನದಲ್ಲಿ ಅಭ್ಯಾಸ ಮಾಡಿ. ಹುಡುಗ-ಹುಡುಗಿಯರು ಕೂಡಿದ ತಂಡವಾದರೆ ಗಿಡ್ಡ ಇರುವವರನ್ನು ನೋಡಿ ಹೆಜ್ಜೆಯ ಉದ್ದ ಇಳಿಸಬೇಕು. ಐದಡಿಯ ಹುಡುಗಿ ಆರಡಿಯವನಿಗೆ ಸಮನಾಗಿ 30 ಇಂಚು ಚಾಚುತ್ತಾ ಹೋದರೆ ಸೊಂಟದ ಮೂಳೆಯೇ ಬಿರುಕು ಬಿಡಬಹುದು.

ಪ್ರಶ್ನೆ: ಅಗ್ನಿವೀರರ ಸೇವೆಯೇ ನಾಲ್ಕು ವರ್ಷ. ಅದರಲ್ಲಿ ಪರೇಡಿಗೆ ಎಷ್ಟು ಸಮಯ ಕೊಡುವುದು ನ್ಯಾಯ?
— ನಿವೃತ್ತ ಹವಾಲ್ದಾರ್, ಮಡಿಕೇರಿ

ಉತ್ತರ: ನಮ್ಮ ಅಭಿಪ್ರಾಯ ಹೇಳುತ್ತೇವೆ, ನೀವು ಒಪ್ಪಲಿಕ್ಕಿಲ್ಲ. ಮೊದಲ ಎಂಟು-ಹತ್ತು ವಾರ ದಿನಕ್ಕೊಂದು ಪೀರಿಯಡ್ ದಂಡವಲ್ಲ. ಬೇರೆಬೇರೆ ಜಿಲ್ಲೆ, ಭಾಷೆಯಿಂದ ಬಂದವರಿಗೆ ಒಂದೇ ಹುಕುಂ ಅರ್ಥವಾಗಬೇಕು, ಶಸ್ತ್ರ ಕೈಗೆ ಹೊಂದಬೇಕು. ಆಮೇಲೆ ಅದೇ ಗಂಟೆಯನ್ನು ಫೈರಿಂಗ್, ರಕ್ತಸ್ರಾವ ತಡೆಯುವ ಟೂರ್ನಿಕೆ ಕಟ್ಟುವುದು, ರೇಡಿಯೋ, ರಾತ್ರಿ ನಡಿಗೆಗೆ ಕೊಟ್ಟರೆ ಹೆಚ್ಚು ಫಲ. ಸಮಾರಂಭದ ತಾಲೀಮು ಬೇರೆ ಲೆಕ್ಕ. 2023ರ ಸೇನಾ ದಿನದ ಪರೇಡ್ ದೆಹಲಿ ಬಿಟ್ಟು ಬೆಂಗಳೂರಿಗೆ ಬಂದಾಗ ಜನ ನೋಡಿದ ಆ ಅಚ್ಚುಕಟ್ಟಿನ ಹಿಂದೆ ವಾರಗಟ್ಟಲೆ ಬೆಳಗಿನ ತಾಲೀಮು ಇರುತ್ತದೆ. ಜನರಿಗೆ ಸೇನೆಯ ಮೇಲಿನ ಅಭಿಮಾನಕ್ಕೆ ಅದು ಬೇಕೇನೋ. ಅದನ್ನು ಯುದ್ಧ ತರಬೇತಿ ಎಂಬ ಖಾತೆಗೆ ಬರೆಯಬಾರದು.

ಪ್ರಶ್ನೆ: ಸೇತುವೆ ಮೇಲೆ ಹೆಜ್ಜೆ ಕೂಡಿಸಿ ನಡೆಯಬಾರದು ಅನ್ನುವುದು ನಿಜವೋ, ಕಟ್ಟುಕತೆಯೋ? ನಮ್ಮ ಟ್ರೆಕ್ಕಿಂಗ್ ಕ್ಯಾಂಪಿನ ದಾರಿಯಲ್ಲಿ ತೂಗುಸೇತುವೆ ಇದೆ.
— ಎನ್‌ಸಿಸಿ ಕೆಡೆಟ್‌ಗಳು, ಸುಳ್ಯ

ಉತ್ತರ: ನಿಜ. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಬ್ರಾಟನ್ ತೂಗುಸೇತುವೆ 74 ಸೈನಿಕರ ಜೊತೆಹೆಜ್ಜೆಗೆ ಕುಸಿಯಿತು. ಸೇತುವೆ ಕುಣಿಯತೊಡಗಿದಾಗ ಅವರು ಮಜಾ ಬಂದು ಇನ್ನಷ್ಟು ತಾಳ ಹಾಕಿದ್ದರು. ಯಾರೂ ಸಾಯಲಿಲ್ಲ. 1850ರಲ್ಲಿ ಫ್ರಾನ್ಸಿನ ಆಂಜೆಯಲ್ಲಿ ಸೈನಿಕರು ದಾಟುತ್ತಿದ್ದ ತೂಗುಸೇತುವೆ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಜೊತೆಹೆಜ್ಜೆ ಬಿಟ್ಟು ನಡೆಯಲು ಹುಕುಂ ಕೊಟ್ಟಿತ್ತು. ಆದರೆ ಬಿರುಗಾಳಿಗೆ ಸೇತುವೆ ಓಲಾಡುತ್ತಿದ್ದುದರಿಂದ ಸಮತೋಲ ಹಿಡಿಯಲು ಎಲ್ಲರೂ ತಾವಾಗಿಯೇ ಒಂದೇ ಲಯಕ್ಕೆ ಬಿದ್ದರು, ಹಗ್ಗ ಕಟ್ಟಿದ್ದ ಬುಡದ ಸರಿಗೆಗಳೂ ತುಕ್ಕು ಹಿಡಿದಿದ್ದವು. 2000ದಲ್ಲಿ ಲಂಡನ್ನಿನ ಮಿಲೇನಿಯಂ ಕಾಲುಸೇತುವೆಯಲ್ಲೂ ಸಾಮಾನ್ಯ ಪಾದಚಾರಿಗಳು ಹೀಗೆಯೇ ಲಯಕ್ಕೆ ಬಿದ್ದರು. ಉದ್ಘಾಟನೆಯಾದ ಎರಡೇ ದಿನಕ್ಕೆ ಅದನ್ನು ಮುಚ್ಚಿ, ಅಲುಗಾಟ ತಡೆಯುವ ಸಾಧನ ಕೂರಿಸಬೇಕಾಯಿತು.

ನಿಮ್ಮ ಸೇತುವೆಗೆ ಹತ್ತು ಮೀಟರ್ ಮೊದಲೇ ಎಣಿಕೆ, ಹಾಡು ನಿಲ್ಲಿಸಿ. ಒಂದೇ ಸಾಲಿನಲ್ಲಿ, ಒಬ್ಬೊಬ್ಬರ ನಡುವೆ ಕನಿಷ್ಠ ಐದು ಹೆಜ್ಜೆ ಬಿಟ್ಟು ಹೋಗಿ. ಒಂದು ಸಲಕ್ಕೆ ಎಷ್ಟು ಜನ ಎಂದು ಅಲ್ಲಿ ಫಲಕವಿದ್ದರೆ ಅದಕ್ಕಿಂತ ಒಬ್ಬರೂ ಹೆಚ್ಚು ಬೇಡ. ಓಲಾಟ ಶುರುವಾದರೆ ಓಡಬೇಡಿ. ಇದ್ದಲ್ಲೇ ನಿಂತು, ಪಕ್ಕದ ಸರಿಗೆ ಹಿಡಿದು, ಅದು ತಣಿದ ಮೇಲೆ ಒಬ್ಬೊಬ್ಬರಾಗಿ ದಾಟಿ. ಸೆಲ್ಫಿ ಆಚೆ ದಡದಲ್ಲಿ ತೆಗೆದುಕೊಳ್ಳಿ.